ಸಕ್ಕರೆ ಡಬ್ಬಿಯ ಮೇಲಿನ ಇರುವೆ

ಹನ್ನೊಂದನೆಯ ಕಾರ್ಡನ್ನು ಟಿವಿ ವಾಹಿನಿಯ ಮುಖ್ಯ ಬರಹಗಾರ ಹರಿಯಲಿಲ್ಲ. ಮೊದಲಿನ ಹತ್ತನ್ನು ಚೂರುಚೂರು ಮಾಡಿ ಬುಟ್ಟಿಗೆ ಹಾಕಿದ್ದ. ಇದನ್ನು ಮಾತ್ರ ಮೇಜಿನ ಗಾಜಿನಡಿ ಇಟ್ಟುಕೊಂಡ. ಬರೆದವರ ಮಾನ ಹರಾಜು ಹಾಕುವವರೆಗೂ ಅದು ಅಲ್ಲೇ ಇರಲಿ ಎಂದುಕೊಂಡ.

ಟೈಪು ಮಾಡಿದ ಎರಡೇ ಸಾಲು. 'ನೌಕೆ ಭೂಮಿ ಬಿಟ್ಟು ಮೂರು ವರ್ಷವಾಯಿತು. ಅದರ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಮೇಲೆ ಇರುವೆ ಎಲ್ಲಿಂದ ಬಂತು? ಇತಿ, ಒಬ್ಬ ವೀಕ್ಷಕಿ.'

ಅವನ ಬಾಹ್ಯಾಕಾಶ ಧಾರಾವಾಹಿಯ ಒಂದೊಂದು ಕಂತು ಪ್ರಸಾರವಾದ ಮರುದಿನವೇ ಒಂದು ಕಾರ್ಡು ಅವನಿಗೆ, ಅದರ ನಕಲು ಒಂದು ಪತ್ರಿಕೆಗೆ. ಪತ್ರಿಕೆಯವರು ಚೌಕಟ್ಟು ಕಟ್ಟಿ ಅಚ್ಚು ಹಾಕುತ್ತಿದ್ದರು. ಕಾರ್ಡುಗಳು ಎತ್ತಿ ತೋರಿಸಿದ್ದೆಲ್ಲ ಇಂಥವೇ. ಬೆಳಕಿಗೇ ತಿಂಗಳುಗಟ್ಟಲೆ ಹಿಡಿಯುವಷ್ಟು ದೂರದಿಂದ ಕ್ಯಾಪ್ಟನ್ ತಾಯಿಗೆ ಕರೆ ಮಾಡುತ್ತಾಳೆ, ತಾಯಿ ಆ ಕ್ಷಣವೇ ಊಟ ಆಯಿತಾ ಎಂದು ಕೇಳುತ್ತಾಳೆ. ಎಂಜಿನ್ ನಿಲ್ಲುತ್ತದೆ, ನೀರಿನ ಲೋಟ ತೇಲದೆ ಮೇಜಿನ ಮೇಲೆ ಕೂತೇ ಇರುತ್ತದೆ. ಗಾಳಿಯ ಯಂತ್ರ ಇಡೀ ದಿನ ಕೆಟ್ಟು ನಿಲ್ಲುತ್ತದೆ, ಒಬ್ಬರಿಗೂ ಏದುಸಿರಿಲ್ಲ. ಊರೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಊಟಕ್ಕೆ ಬಂದ ಭಾಮೈದ ಕೂಡ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ಭಾವಾ, ಇದು ಹಾರಲ್ಲ ತಾನೆ?" ಎಂದು ಕೇಳಿದ್ದ.

ಒಂದು ಸಂಗತಿ ಮಾತ್ರ ಅವನಿಗೆ ಬಗೆಹರಿದಿರಲಿಲ್ಲ. ಒಂಬತ್ತನೆಯ ಕಂತಿನ ಕಾಳಗ ಅವನು ಅವಸರದಲ್ಲಿ ಗೀಚಿ ಸೇರಿಸಿದ್ದು. ಗಾಳಿಯೇ ಇಲ್ಲದ ಕಡೆ ಬಾಂಬುಗಳು ಕಿವಿಗಡಚಿಕ್ಕುವಂತೆ ಸಿಡಿದಿದ್ದವು. ಶಾಲೆಯ ಮಕ್ಕಳೂ ಹಿಡಿಯುವಂಥ ತಪ್ಪು. ಆ ಕಂತಿನ ಕಾರ್ಡು ಅದರ ತಂಟೆಗೇ ಹೋಗಿರಲಿಲ್ಲ.

ವಾಹಿನಿಯ ಮುಖ್ಯಸ್ಥರು ಕೊನೆಯ ಕಂತನ್ನು ಒಂದು ತಿಂಗಳು ಮುಂದೂಡಿದರು. ಅದರಲ್ಲಿ ಎಲ್ಲ ತೂತುಗಳೂ ಮುಚ್ಚಬೇಕು, ಇಲ್ಲದಿದ್ದರೆ ಮುಂದಿನ ಧಾರಾವಾಹಿ ಬೇರೆಯವರಿಗೆ ಎಂದು ನೇರವಾಗಿ ಹೇಳಿದರು. ಕಥೆಯ ಮುಕ್ತಾಯ ಏನೆಂದು ಕೇಳಿದಾಗ ಅವನು ಜಾಣನಗೆ ನಕ್ಕ. ಕೊನೆಯ ಹಾಳೆಯನ್ನು ಅಷ್ಟು ಸುಲಭವಾಗಿ ಕೈಬಿಡದಿರುವುದು ಆ ಕಸುಬಿನವರ ರೂಢಿ. ಕದಿಯುವ ಕೈಗಳು ಹೆಚ್ಚು. ಮುಖ್ಯಸ್ಥರು ಒತ್ತಾಯಿಸಲಿಲ್ಲ. ನಿಜ ಹೇಳಬೇಕೆಂದರೆ, ಕೊನೆಯ ಹಾಳೆ ಅವನ ಬಳಿಯೂ ಇರಲಿಲ್ಲ.

ತಿಂಗಳಿಡೀ ಹಲ್ಲು ಕಚ್ಚಿ ಕೂತು ತೇಪೆ ಹಾಕಿದ. ಕರೆಗೆ ಬೆಳಕನ್ನು ಮೀರಿಸುವ ತರಂಗಯಂತ್ರ. ಲೋಟಕ್ಕೆ ನೆಲದಡಿಯಲ್ಲೊಂದು ಗುರುತ್ವ ಪೆಟ್ಟಿಗೆ. ಗಾಳಿಗೆ ಗುಪ್ತ ತೊಟ್ಟಿ. ಇರುವೆಗೆ ಒಂದು ಪ್ರಯೋಗಾಲಯ, ಅದರಲ್ಲೊಂದು ಒಡೆದ ಗಾಜಿನ ಗೂಡು. ಹನ್ನೊಂದು ತೂತಿಗೆ ಹನ್ನೊಂದು ತೇಪೆ. ನೌಕೆ ಹೊಸ ಗ್ರಹ ಮುಟ್ಟಿತು, ಎಲ್ಲರೂ ತಬ್ಬಿಕೊಂಡರು, ಮುಗಿಯಿತು.

ಈ ನಡುವೆ ಪತ್ರಿಕೆಯ ಗೆಳೆಯನಿಂದ ವೀಕ್ಷಕಿಯ ಹೆಸರು, ವಿಳಾಸ ತೆಗೆಸಿದ್ದ. ಮೂವತ್ತು ವರ್ಷ ಲಿಫ್ಟುಗಳ ತಪಾಸಣೆ ಮಾಡಿ ನಿವೃತ್ತಳಾದ ಹೆಂಗಸು. ಆ ಹೆಸರು ಅವನಿಗೆ ಏನನ್ನೂ ನೆನಪಿಸಲಿಲ್ಲ. ಕೊನೆಯ ಕಂತು ಮುಗಿದ ಕೂಡಲೇ ನೇರ ಪ್ರಸಾರದ ಚರ್ಚೆಗೆ ಆಕೆಯನ್ನು ಕರೆಸಿದ. ಲಕ್ಷಾಂತರ ಜನರೆದುರು ಆ ಮುದುಕಿಯ ಬಾಯಿ ಮುಚ್ಚಿಸಬೇಕು. ನೆನೆದಾಗಲೆಲ್ಲ ಅವನ ಹೊಟ್ಟೆ ತಣ್ಣಗಾಗುತ್ತಿತ್ತು.

ಆ ಸಂಜೆ ಇಬ್ಬರೂ ಒಂದೇ ಲಿಫ್ಟಿನಲ್ಲಿ ಸ್ಟುಡಿಯೋಗೆ ಹತ್ತಿದರು. ಆಕೆಯ ತೊಡೆಯ ಪಕ್ಕ ಹಳೆಯ ಚರ್ಮದ ಚೀಲ ತೂಗುತ್ತಿತ್ತು. ಬಾಗಿಲು ಮುಚ್ಚಿತು. ಆಕೆ ಗೋಡೆಗೆ ಅಂಗೈ ಇಟ್ಟು ನಿಂತಳು.

"ಒಳಗೆ ನಿಂತವರಿಗೆ ಹೊರಟಿದೆಯೋ ಇಲ್ಲವೋ ಗೊತ್ತೇ ಆಗಲ್ಲ ನೋಡಿ," ಎಂದಳು. "ದೀಪ ಹತ್ತಿದ್ರೆ ಸಾಕು, ನಂಬಿಬಿಡ್ತಾರೆ."

ಅವನು ಲಿಫ್ಟಿನ ಕನ್ನಡಿಯಲ್ಲಿ ಕಾಲರು ಸರಿಮಾಡಿಕೊಂಡ.

ಚರ್ಚೆಯಲ್ಲಿ ಅವನು ಒಂದೊಂದೇ ಕಾರ್ಡಿನ ಮಾತು ಎತ್ತಿ ಒಂದೊಂದೇ ತೇಪೆ ತೋರಿಸಿದ. ಸಭಿಕರು ಚಪ್ಪಾಳೆ ತಟ್ಟಿದರು. ಇರುವೆಯ ಗಾಜಿನ ಗೂಡಿಗೆ ಶಿಳ್ಳೆಯೂ ಬಿತ್ತು. ಮುಖ್ಯಸ್ಥರು ಪಕ್ಕದ ಗಾಜಿನ ಕೋಣೆಯಿಂದ ಹೆಬ್ಬೆರಳೆತ್ತಿದರು. ಇನ್ನೇನು ಕೇಳುವುದಿದೆ ಎಂದು ನಿರೂಪಕಿ ಆಕೆಯ ಕಡೆ ತಿರುಗಿದಳು.

"ಒಂದೇ ಒಂದು," ಎಂದಳು ಆಕೆ. "ಅವನ್ನೆಲ್ಲ ನೀವು ಬೇಕಂತಲೇ ಬರೆದದ್ದಲ್ಲವಾ?"

ಅವನು ಗಹಗಹಿಸಿ ನಕ್ಕ. "ಬೇಕಂತ ಯಾರಾದ್ರೂ ನೌಕೆಯೊಳಗೆ ಇರುವೆ ಬಿಡ್ತಾರಾ ಅಮ್ಮಾ? ಹನ್ನೊಂದೂ ನನ್ನ ಕಣ್ತಪ್ಪಿನಿಂದ ಆದದ್ದು. ಒಪ್ಕೊಂಡೆ, ಸರಿಮಾಡಿದೆ."

"ಹನ್ನೊಂದೂ?"

"ಹನ್ನೊಂದೂ."

ಆಕೆ ತಲೆಯಾಡಿಸಿದಳು. ಆರು ವರ್ಷ ಕಾದವಳಿಗೆ ಅವಸರವೇನೂ ಇರಲಿಲ್ಲ. ಚೀಲದಿಂದ ಒಂದು ಲಕೋಟೆ ತೆಗೆದು ನಿರೂಪಕಿಯ ಕೈಗಿತ್ತಳು. ಹೊರಗೆ ಬರಹಗಾರರ ಸಂಘದ ಅರಗಿನ ಮುದ್ರೆ, ಆರು ವರ್ಷ ಹಿಂದಿನ ತಾರೀಕು. ನಿರೂಪಕಿ ಮೇಲಿನ ಒಕ್ಕಣೆಯನ್ನು ಗಟ್ಟಿಯಾಗಿ ಓದಿದಳು: ಹನ್ನೆರಡು ಕಂತಿನ ಕಥೆಯ ಕೊನೆಯ ಹಾಳೆ, ಉಳಿದ ಹಾಳೆಗಳು ವಾಹಿನಿಯ ಮುಖ್ಯ ಬರಹಗಾರರ ಪರಿಶೀಲನೆಗೆ ಹೋಗಿವೆ.

ಅವನ ನಗು ಅರ್ಧಕ್ಕೆ ನಿಂತಿತು. ಅವನ ಕಪಾಟಿನಲ್ಲಿ ಬೀಗ ಹಾಕಿಟ್ಟ ಹಸಿರು ಕಡತ, ತಾನೇ ಹರಿದೆಸೆದ ಅದರ ಮೊದಲ ಹಾಳೆ, ಅದರ ಮೇಲಿದ್ದ ಈಕೆಯದೇ ಹೆಸರು ಈಗ ನೆನಪಾದವು. ಅದು ಬೇಡ ಎಂದು ಕೈ ಚಾಚಿದ. ಅಷ್ಟರಲ್ಲಿ ಮುದ್ರೆ ಒಡೆದಿತ್ತು.

ನಿರೂಪಕಿ ಓದಿದಳು: 'ಕ್ಯಾಪ್ಟನ್ ಹೊರಬಾಗಿಲು ತೆರೆದಳು, ಹುಲ್ಲಿನಿಂದ ಒಳಕ್ಕೆ ಇರುವೆಗಳ ಸಾಲು ಹರಿದಿತ್ತು, ಬೇಲಿಯಾಚೆ ಅವಳ ತಾಯಿ ಫೋನು ಹಿಡಿದು ನಿಂತಿದ್ದಳು, ಮೂರು ವರ್ಷದಲ್ಲಿ ನೌಕೆ ಒಂದು ದಿನವೂ ನೆಲ ಬಿಟ್ಟು ಎದ್ದಿರಲಿಲ್ಲ.'