ಕೈಗುಣ

ಸೂಕ್ಷ್ಮದರ್ಶಕದ ಪರದೆಯಲ್ಲಿ ಅಕ್ಕನ ಗಾಜಿನ ಮೇಲೆ ಸುಳಿ ಕಾಣಿಸಿತು, ಮಕ್ಕಳ ನೆತ್ತಿಯ ಮೇಲಿರುತ್ತದಲ್ಲ, ಹಾಗೆ. ಅಕ್ಕ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಸುಳಿಯೇ.

"ಗಾಜು ಅದಲು ಬದಲಾಗಿರ್ಬೇಕು ಅಕ್ಕಾ. ಅದು ನಂದು," ಎಂದ ಪಕ್ಕದ ಮೇಜಿನ ಸುಳಿಯಪ್ಪ.

ಸುಳಿಯಪ್ಪ ಎಂಬುದು ಪ್ರಯೋಗಾಲಯದವರು ಅವನಿಗೆ ಅಂಟಿಸಿದ ಹೆಸರು; ಅವಳು ಅಲ್ಲಿ ಎಲ್ಲರಿಗೂ ಅಕ್ಕ. ಇಬ್ಬರ ಕೆಲಸವೂ ಒಂದೇ: ಗಾಜಿನ ಮೇಲೆ ಪಾಲಿಮರ್ ದ್ರಾವಣದ ಒಂದು ಹನಿ ಹರಡಿ, ಬಿಸಿ ಮಾಡಿ, ಕಾಯುವುದು. ಅಣುಗಳು ತಾವಾಗಿಯೇ ಸಾಲುಗಟ್ಟುತ್ತವೆ. ಸಾಲು ನೆಟ್ಟಗಿದ್ದರೆ ಉಗುರಿನಗಲದ ಗಾಜಿನಲ್ಲಿ ಬೆಳಕಿನಿಂದ ಒಂದು ಗ್ರಂಥಾಲಯವನ್ನೇ ಬರೆದಿಡಬಹುದು; ಸುಳಿ ಬಿದ್ದರೆ ಕಸದ ಬುಟ್ಟಿ. ಅಕ್ಕನದು ಯಾವಾಗಲೂ ನೆಟ್ಟಗೆ, ಇವನದು ಯಾವಾಗಲೂ ಸುಳಿ. ಯಾಕೆ ಹಾಗೆಂದು ತಲೆ ಕೆರೆದುಕೊಂಡ ವಿಜ್ಞಾನಿಗಳೆಲ್ಲ ಕೊನೆಗೆ ಅದಕ್ಕೆ ಕೈಗುಣ ಎಂದು ಹೆಸರಿಟ್ಟು ಸುಮ್ಮನಾಗಿದ್ದರು. ಆ ಕೈಗುಣವನ್ನು ನಂಬಿಯೇ ದೊಡ್ಡ ಕಂಪನಿಯೊಂದು ಅಕ್ಕನನ್ನು ಕರೆದಿತ್ತು. ಇಲ್ಲಿ ಇವತ್ತೇ ಅವಳ ಕೊನೆಯ ದಿನ.

ಗಾಜಿನ ಮೂಲೆಯಲ್ಲಿ ಅಕ್ಕನ ಗುರುತೇ ಇತ್ತು. ಸುಳಿಯಪ್ಪನ ಗಾಜನ್ನು ಇಟ್ಟು ನೋಡಿದರು. ಗೆರೆ ಎಳೆದಂತೆ ಸಾಲುಗಳು, ಒಂದೂ ಕೊಂಕಿಲ್ಲ.

"ಏನ್ ಮಾಡ್ದೆ?"

"ಏನೂ ಇಲ್ಲ ಅಕ್ಕಾ. ದಿನಾ ಮಾಡೋ ಹಾಗೇ ಮಾಡ್ದೆ."

"ಸುಳ್ಳು ಹೇಳ್ಬೇಡ."

"ದೇವರಾಣೆ! ನೀವೇ ಏನಾದ್ರೂ ಬೇರೆ ಥರ..."

"ನಾನೂ ದಿನಾ ಮಾಡೋ ಹಾಗೇ ಕಣೋ."

ಅದೇ ದ್ರಾವಣದಲ್ಲಿ ಮತ್ತೊಮ್ಮೆ ಮಾಡಿದರು. ಮೇಜು ಬದಲಿಸಿಕೊಂಡು ಮಾಡಿದರು. ಅವಳದು ಸುಳಿ, ಅವನದು ನೆಟ್ಟಗೆ. ಸುಳಿಯಪ್ಪನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ನಾಚಿಕೆಯಾಯಿತು. ಅಕ್ಕ ಮಾತ್ರ ಸುಳಿ ಬಿದ್ದ ತನ್ನ ಗಾಜುಗಳನ್ನು ಕಸದ ಬುಟ್ಟಿಗೆ ಹಾಕಿದಳು. ಸೋಮವಾರ ಹೊಸ ಕಡೆ ಹೋಗಿ ಏನು ಮಾಡಿ ತೋರಿಸುವುದು?

"ಆ ಕಂಪನಿಯವರಿಗೆ ಈಗ್ಲೇ ಹೇಳ್ಬಿಡ್ಲಾ?"

"ಏನಂತ ಹೇಳ್ತೀರಿ?"

ಕೈಗೆತ್ತಿಕೊಂಡಿದ್ದ ಫೋನನ್ನು ಅಕ್ಕ ಮತ್ತೆ ಚೀಲಕ್ಕೆ ಹಾಕಿದಳು.

ಸಂಜೆ ಬೀಳ್ಕೊಡುಗೆ. "ಇಂಥ ಕೈ ನಮಗೆ ಮತ್ತೆ ಸಿಗಲ್ಲ," ಎಂದರು ಮುಖ್ಯಸ್ಥರು. ಚಪ್ಪಾಳೆಯಾಯಿತು. ಒಬ್ಬೊಬ್ಬರೇ ಬಂದು ಅಕ್ಕನ ಕೈ ಕುಲುಕಿದರು. ಎಲ್ಲರಿಗಿಂತ ಕೊನೆಗೆ, ಕಾಲೆಳೆದುಕೊಂಡು, ಸುಳಿಯಪ್ಪ ಬಂದ. ಅಕ್ಕ ಅವನ ಕೈ ಬಿಡಲಿಲ್ಲ. ಅಂಗೈ ಮೇಲೆ ಮಾಡಿ, ದೀಪದ ಕಡೆ ತಿರುಗಿಸಿ, ಅಷ್ಟು ಜನರ ಎದುರಿಗೇ ತನ್ನ ಕೈಗುಣವನ್ನು ಹುಡುಕತೊಡಗಿದಳು.