ಶಿಸ್ತಿನ ಸಾಲು

ಮೂರನೆಯ ಏಟಿಗೆ ಅವನು ಮಣ್ಣು ಮುಕ್ಕಿದ. ನಾಲ್ಕನೆಯದು ಬೆನ್ನಿಗೆ ಬಿತ್ತು. ನರ್ಸಕ್ಕ ಡೇರೆಯ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡಿದಳು. ಕಣ್ಣು ಮುಚ್ಚಲಿಲ್ಲ. ಒಳಗೊಳಗೇ ಹಾಯೆನಿಸಿತು, ಅದಕ್ಕೆ ನಾಚಿಕೆಯೂ ಆಗಲಿಲ್ಲ.

"ಸಾಕಾ ಅಕ್ಕಾ?" ಎಂದ ಮೇಸ್ತ್ರಿ, ಪೈಪು ಹಿಡಿದ ಕೈಯಿಂದಲೇ ಬೆವರು ಒರೆಸಿಕೊಳ್ಳುತ್ತ.

"ಇನ್ನೆರಡು."

ಮೇಸ್ತ್ರಿ ಧಾರಾಳಿ. ನಾಲ್ಕು ಹಾಕಿದ.

ಚರ್ಚಿನ ಸೇವಾ ತಂಡದೊಂದಿಗೆ ನರ್ಸಕ್ಕ ಕಡಲು ದಾಟಿ ಬಂದು ತಿಂಗಳಾಗಿತ್ತು. ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ದುಡಿದವಳಿಗೆ ತಾನು ಕಾಣದ ಬಡತನವಿಲ್ಲ ಎಂಬ ಜಂಬವಿತ್ತು. ಇಲ್ಲಿಯ ತಗಡಿನ ಗೂಡುಗಳನ್ನು, ನೂರು ಮನೆಗೆ ಒಂದೇ ನಲ್ಲಿಯನ್ನು, ಚರಂಡಿಯ ಮೇಲೆ ಹಲಗೆ ಹಾಸಿ ಮಲಗಿದ್ದ ಬಾಣಂತಿಯನ್ನು ಕಂಡ ಮೊದಲ ದಿನವೇ ಅದು ಇಳಿಯಿತು.

ಶುಕ್ರವಾರ ತಂಡ ಹಿಟ್ಟು, ಎಣ್ಣೆ ಹಂಚುತ್ತಿತ್ತು. ಮೊದಲ ಶುಕ್ರವಾರದ ನೂಕುನುಗ್ಗಲಿನಲ್ಲಿ ಒಂದು ಮಗುವಿನ ಕಾಲು ಮುರಿಯಿತು. ಅದಕ್ಕೆ ಪಟ್ಟಿ ಕಟ್ಟುತ್ತ ನರ್ಸಕ್ಕ ಮೇಸ್ತ್ರಿಗೆ, "ಇನ್ಮೇಲೆ ಹೀಗಾಗಬಾರದು. ಏನು ಮಾಡ್ತೀರೋ ನಂಗೊತ್ತಿಲ್ಲ" ಎಂದಿದ್ದಳು.

"ನೀವು ಹೇಳಿದ ಮೇಲೆ ಮುಗೀತು ಅಕ್ಕಾ."

ಮೇಸ್ತ್ರಿ ಈ ಕೇರಿಯವನೇ. ಇವರ ನಾಡಿನಲ್ಲಿ ಆರು ವರ್ಷ ಕಟ್ಟಡ ಕೆಲಸ ಮಾಡಿ ಭಾಷೆ ಕಲಿತು ಬಂದವನು. ತಂಡಕ್ಕೆ ಅವನೇ ಬಾಯಿ, ಅವನೇ ಕಿವಿ. ಅಂದಿನಿಂದ ಡೇರೆಯ ಹಿಂದಕ್ಕೆ ತಿರುಗಿಹೋಗುವ ಸಾಲು ಗೆರೆ ಎಳೆದಂತೆ ನಿಂತಿತು. ಹಸಿದವರಲ್ಲಿ ಎಂಥ ಶಿಸ್ತು ಎಂದು ಪಾದ್ರಿಗಳು ಫೋಟೊ ತೆಗೆದು ಊರಿಗೆ ಕಳಿಸಿದರು.

ಮರುವಾರ ಶನಿವಾರ ಒಬ್ಬ ಹೆಂಗಸು ಬಂದಳು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬಿಡಿಸಿದರೆ ಉದ್ದಕ್ಕೂ ಜೋಡಿ ಗೆರೆಗಳು, ನಡುವೆ ಬಿಳಿಚಿದ ಚರ್ಮ. ದುಂಡನೆಯ ವಸ್ತುವಿನ ಏಟು ಹಾಗೆಯೇ ಮೂಡುತ್ತದೆ. ಪ್ರತಿ ಗೆರೆಯ ಕೊನೆಗೂ ಅಡ್ಡಕ್ಕೊಂದು ದಪ್ಪ ಗುರುತು.

"ಯಾರು ಹೊಡೆದದ್ದು, ಕೇಳಿ."

ಬಾಗಿಲಲ್ಲಿದ್ದ ಮೇಸ್ತ್ರಿ ಕೇಳಿದ. ಹೆಂಗಸು ಗದ್ದ ಎತ್ತಿ ಬಾಗಿಲ ಕಡೆ ತೋರಿಸಿ, ಕೂಡಲೇ ತಲೆ ತಗ್ಗಿಸಿದಳು. ಬಾಗಿಲಾಚೆ ಬಿಸಿಲಲ್ಲಿ ಅವಳ ಗಂಡ ಕುಕ್ಕರಗಾಲಲ್ಲಿ ಕೂತಿದ್ದ.

"ಗಂಡನೇ ಅಕ್ಕಾ. ಶುಕ್ರವಾರ ಬಂತಂದ್ರೆ ಕುಡೀತಾನೆ, ಬಡೀತಾನೆ."

ಗಂಡನ ಮುಂಗೈಗೆ ಬಟ್ಟೆ ಸುತ್ತಿತ್ತು. ಹೊಡೆದು ಹೊಡೆದು ಕೈ ಉಳುಕಿರಬೇಕು ಎಂದುಕೊಂಡು ನರ್ಸಕ್ಕ ಹಲ್ಲು ಕಡಿದಳು.

ಅದರ ಮುಂದಿನ ಶನಿವಾರವೂ ಬಂದಳು. ಮೂರನೆಯ ಸಲ ಬಂದಾಗ ಪಕ್ಕೆಲುಬು ಮುರಿದಿತ್ತು.

ನರ್ಸಕ್ಕನ ತಂಗಿಯೂ ಹೀಗೇ ಬೆನ್ನು ಮುಚ್ಚಿಕೊಂಡು ತವರಿಗೆ ಬರುತ್ತಿದ್ದಳು. ಸಂಸಾರ ಅಂದ ಮೇಲೆ ಇದ್ದದ್ದೇ ಎಂದು ಮನೆಯವರೆಲ್ಲ ಬಾಯಿ ಮುಚ್ಚಿಕೊಂಡರು, ನರ್ಸಕ್ಕನೂ. ನಾಲ್ಕನೆಯ ಸಲ ಬಂದದ್ದು ಹೆಣ. ಇವಳನ್ನಾದರೂ ಉಳಿಸಿಕೊಳ್ಳಬೇಕು ಎಂಬ ಹಟ ಅವಳನ್ನು ಹಿಡಿದುಬಿಟ್ಟಿತು.

"ಗಂಡ ಹೆಂಡಿರ ನಡುವೆ ನಾವ್ಯಾಕೆ ಸಿಸ್ಟರ್? ಪ್ರಾರ್ಥನೆ ಮಾಡೋಣ," ಎಂದರು ಪಾದ್ರಿಗಳು.

"ನೀವು ಮಾಡ್ತಿರಿ," ಎಂದು ನರ್ಸಕ್ಕ ಮೇಸ್ತ್ರಿಯನ್ನು ಕರೆದಳು. "ಅವನಿಗೆ ಬುದ್ಧಿ ಕಲಿಸಿ."

"ನೀವು ಹೇಳಿದ ಮೇಲೆ ಮುಗೀತು ಅಕ್ಕಾ."

ಈಗ ಕಲಿಸಿದ್ದೂ ಆಯಿತು. ಎಲ್ಲಿಂದಲೋ ಓಡಿ ಬಂದ ಹೆಂಡತಿ ಗಂಡನ ಮೇಲೆ ಬಿದ್ದು, ನರ್ಸಕ್ಕನ ಕಡೆ ತಿರುಗಿ ಗಂಟಲು ಹರಿಯುವಂತೆ ಕಿರುಚಿದಳು.

"ಏನಂತೆ?"

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಅಂತಾಳೆ."

ದನಿ ಹಾಗಿರಲಿಲ್ಲ.

ಎಷ್ಟೆಂದರೂ ನರ್ಸು. ಗಾಯ ಯಾರದಾದರೂ ಗಾಯವೇ. ಅವನನ್ನು ಒಳಗೆ ತರಿಸಿ ಮೇಜಿನ ಮೇಲೆ ಬೋರಲು ಮಲಗಿಸಿದಳು. ಅಂಗಿ ಕತ್ತರಿಸಿ ರಕ್ತ ತೊಳೆದಳು. ಜೋಡಿ ಗೆರೆಗಳು. ಕೊನೆಗೆ ಅಡ್ಡಕ್ಕೊಂದು ದಪ್ಪ ಗುರುತು. ಹೊಸ ಗೆರೆಗಳ ಕೆಳಗೆ ಹಳೆಯವೂ ಇದ್ದವು, ಹಳದಿಗೆ ತಿರುಗಿದ್ದವು.

ನರ್ಸಕ್ಕನ ಕೈಯ ಹತ್ತಿ ಅಲ್ಲೇ ನಿಂತಿತು. ಮುಂಗೈಯ ಬಟ್ಟೆ ಬಿಚ್ಚಿದಳು. ಅಲ್ಲೂ ಅದೇ ಗೆರೆ, ಕೈಯ ಹೊರಬದಿಗೆ. ಹೊಡೆಯುವವನ ಕೈಗೆ ಅಲ್ಲಿ ಏಟು ಬೀಳುವುದಿಲ್ಲ. ಇನ್ನೊಬ್ಬರಿಗೆ ಬೀಳುವ ಏಟಿಗೆ ಕೈ ಅಡ್ಡ ಹಿಡಿದವನಿಗೆ ಬೀಳುತ್ತದೆ.

"ಯಾರಮ್ಮಾ?" ಎಂದಳು ಹೆಂಡತಿಗೆ, ತನ್ನದೇ ಭಾಷೆಯಲ್ಲಿ. "ನಿನಗೆ ಹೊಡೆದದ್ದು ಯಾರು?"

ಹೆಂಡತಿಗೆ ಅರ್ಥವಾಯಿತು. ಈ ಸಲ ತಲೆ ತಗ್ಗಿಸಲಿಲ್ಲ. ಇಡೀ ತೋಳೆತ್ತಿ ಬಾಗಿಲ ಕಡೆ ತೋರಿಸಿದಳು.

ಗಂಡ ಮೇಜಿನ ಮೇಲಿದ್ದ. ಬಾಗಿಲಲ್ಲಿ ಮೇಸ್ತ್ರಿಯಿದ್ದ. ಪೈಪಿನ ತುದಿಯ ದಪ್ಪ ಕಬ್ಬಿಣದ ಬಳೆಯನ್ನು ಬಟ್ಟೆಯಿಂದ ಉಜ್ಜುತ್ತಿದ್ದ.

"ಬೇಗ ಮುಗಿಸಿ ಅಕ್ಕಾ," ಎಂದ ಅವನು ನಗುತ್ತ. "ಶುಕ್ರವಾರ ಅಲ್ವಾ, ಸಾಲು ನಿಲ್ಲಿಸಿ ಬಂದಿದೀನಿ."