ಐದು ದಿನದ ಗಡುವು

ಆರ್ವಿಲ್ ಥೀಸನ್‌ನ ಬೆರಳು ಮೌಸಿನ ಮೇಲೆಯೇ ನಿಂತುಬಿಟ್ಟಿತ್ತು. ಲೆನೋರಾ ತನ್ನ ಜೇನಂಗಡಿಯ ವೆಬ್‌ಸೈಟಿನ ಹೆಸರಿನ ನೋಂದಣಿಯನ್ನು ಅವನಿಂದ ದೊಡ್ಡ ನೋಂದಣಿ ಕಂಪನಿಯೊಂದಕ್ಕೆ ವರ್ಗಾಯಿಸಲು ಕೇಳಿದ್ದಳು. ಇಪ್ಪತ್ತೆರಡು ವರ್ಷ ಆ ಹೆಸರನ್ನು ಕೆನಡಾದ ಮ್ಯಾನಿಟೋಬಾದ ಈ ಪುಟ್ಟ ಕಚೇರಿಯಲ್ಲಿ ಜೋಪಾನ ಮಾಡಿದವನು ಅವನೇ. ನಿನ್ನೆ ಅದು ಬೇರೆಡೆ ಹೋಗದಂತೆ ಹಾಕಿದ್ದ ಬೀಗ ತೆಗೆದು, ವರ್ಗಾವಣೆಗೆ ಬೇಕಾದ ಗುಪ್ತಸಂಕೇತ ಕೊಟ್ಟವನೂ ಅವನೇ.

“ನನ್ನ ಸೊಸೆ ಹಟ ಹಿಡಿದ್ಲು, ಆರ್ವಿಲ್. ಬೇಜಾರಾಯ್ತಾ?” ಫೋನಿನಲ್ಲಿ ಲೆನೋರಾ ಕೇಳಿದಳು.

“ಬೇಜಾರಾಯ್ತು ಅಂತ ತಡೆಯೋಕೆ ನಿಯಮದಲ್ಲಿ ಜಾಗ ಇಲ್ಲ ಮಾರಾಯ್ತಿ,” ಎಂದು ಅವನು ಗೊಣಗಿದ. “ನಾನು ಒಪ್ಪಿಗೆ ಒತ್ತಿದ್ರೆ ಈಗ್ಲೇ ಹೋಗುತ್ತೆ. ಸುಮ್ನಿದ್ರೆ ಐದು ದಿನ ಆದ್ಮೇಲೆ ತಾನಾಗೇ ಹೋಗುತ್ತೆ.”

ಲೆನೋರಾ ಹೇಳಿದಳು: “ಹಾಗಾದ್ರೆ ಕೈ ತೆಗಿ ಅದರ ಮೇಲಿಂದ. ಐದು ದಿನಾನೂ ಕಾಫಿಗೆ ಬರ್ತೀನಿ.”

ಆರ್ವಿಲ್ ಮೌಸನ್ನು ದೂರ ಸರಿಸಿ, ಧೂಳು ಹಿಡಿದಿದ್ದ ಎರಡನೇ ಕಪ್ಪನ್ನು ತೊಳೆಯಲು ಎದ್ದ.